ಕತ್ತಲಲ್ಲೂ ನಿಲ್ಲದ ಪ್ರಾರ್ಥನೆ: ಮದರ್ ತೆರೇಸಾ ಪತ್ರಗಳಲ್ಲಿ ಸಂಶಯ ಮತ್ತು ಭರವಸೆ

ಪ್ರಾರ್ಥನೆ ಫಲಿಸದೆ ಕಂಗೆಟ್ಟವರಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಬಲು ಬೇಗ ಸಿಗುವ ಉತ್ತರ 'ನಿಮ್ಮ ನಂಬಿಕೆ ಸಾಲದು' ಎಂಬುದು. ಇದಕ್ಕೆ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವನ್ನು ಆಧಾರವಾಗಿ ಕೊಡುತ್ತಾರೆ. ಸಂಶಯಪಡುವವನು ಏನನ್ನೂ ಪಡೆಯಲಾರ ಎಂಬುದು ಅಲ್ಲಿಯ ತಾತ್ಪರ್ಯ. ಆದರೆ ನಾಲ್ಕನೆಯ ಅಧ್ಯಾಯದ ಜೊತೆಗಿಟ್ಟು ಓದಿದರೆ, ಯಾಕೋಬ ಖಂಡಿಸುತ್ತಿರುವುದು ದೇವರಿಗೂ ಲೋಕಕ್ಕೂ ಏಕಕಾಲಕ್ಕೆ ಸಲ್ಲಬಯಸುವ ಇಬ್ಬಗೆಯ ಮನಸ್ಸನ್ನು ಎಂಬುದು ಗೊತ್ತಾಗುತ್ತದೆ. ನೊಂದು ತತ್ತರಿಸಿದವರ ಸಂಶಯ ಬೇರೆಯೇ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಪೀಡಿತ ಮಗನನ್ನು ಕರೆತಂದ ತಂದೆ, ನಂಬುತ್ತೇನೆ ಎನ್ನುತ್ತಲೇ ತನ್ನ ಅಪನಂಬಿಕೆಗೂ ನೆರವು ಬೇಡುತ್ತಾನೆ. ನಂಬಿಕೆ ಗಟ್ಟಿಯಾದ ಮೇಲೆ ಬಾ ಎಂದು ಯೇಸು ಅವನನ್ನು ಹಿಂದಕ್ಕೆ ಕಳಿಸಲಿಲ್ಲ; ಮಗನನ್ನು ಗುಣಪಡಿಸಿದರು.

ಈ ತಂದೆಯ ಸ್ಥಿತಿ ಅರ್ಧ ಶತಮಾನ ಮುಂದುವರಿದರೆ ಪ್ರಾರ್ಥನೆ ಏನಾಗುತ್ತದೆ? ಈ ಪ್ರಶ್ನೆಗೆ ಆಧುನಿಕ ಕಾಲದ ಸ್ಪಷ್ಟ ದಾಖಲೆ ಮದರ್ ತೆರೇಸಾ (1910–1997) ಅವರ ಖಾಸಗಿ ಪತ್ರಗಳು. ಇವನ್ನು ಬ್ರಯನ್ ಕೊಲೊಡಿಯೆಚುಕ್ 2007ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸಂಪಾದಕರು ಮದರ್ ಅವರ ಸಂತಪದವಿಯ ಪ್ರಕ್ರಿಯೆಯನ್ನು ನಡೆಸಿದವರೇ ಆದ್ದರಿಂದ, ಅವರ ವಿವರಣೆಗಳನ್ನೂ ಪತ್ರಗಳನ್ನೂ ಬೇರೆ ಬೇರೆಯಾಗಿ ಓದುವುದು ಒಳ್ಳೆಯದು. ಪತ್ರಗಳನ್ನು ನಾಶಮಾಡಿ ಎಂದು ಮದರ್ ಬೇಡಿಕೊಂಡಿದ್ದರು. ಅವು ಉಳಿದದ್ದು ಅವರ ಇಚ್ಛೆಗೆ ವಿರುದ್ಧವಾಗಿ. ಹೀಗಾಗಿ ಲೋಕದ ಮೆಚ್ಚುಗೆಗಾಗಿ ಬರೆದ ಮಾತುಗಳಿವು ಎನ್ನಲು ಬರುವುದಿಲ್ಲ.

1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಬಡವರ ಸೇವೆಯ ಕರೆ ಬಂತು. ಅದಾದ ಕೆಲ ತಿಂಗಳು ದೇವರ ಸಾನ್ನಿಧ್ಯ ಅವರಿಗೆ ತೀರ ಹತ್ತಿರವಿತ್ತು. 1948ರಲ್ಲಿ ಲೊರೆಟೊ ಮಠ ಬಿಟ್ಟು ಕಲ್ಕತ್ತೆಯ ಬೀದಿಗಿಳಿದ ಹೊತ್ತಿಗೆ ಆ ಅನುಭವ ಬತ್ತಿತು. 1958ರ ಅಕ್ಟೋಬರಿನಲ್ಲಿ ಹನ್ನೆರಡನೆಯ ಪಯಸ್ ಪೋಪರ ಆತ್ಮಶಾಂತಿಗಾಗಿ ಬಲಿಪೂಜೆ ನಡೆದಾಗ ಅವರು ದೇವರಲ್ಲಿ ಒಂದು ಗುರುತು ಬೇಡಿದರು. ಕತ್ತಲು ಸರಿಯಿತು, ಆದರೆ ಕೆಲವು ವಾರ ಮಾತ್ರ. ಮತ್ತೆ ಕವಿದ ಕತ್ತಲು, ಸಂಪಾದಕರ ಪ್ರಕಾರ, ಕೊನೆಯವರೆಗೂ ಸರಿಯಲಿಲ್ಲ.

ಇಲ್ಲಿ 1959ರ ಸೆಪ್ಟೆಂಬರಿನ ಒಂದು ಬರಹವನ್ನು ಹತ್ತಿರದಿಂದ ನೋಡಬೇಕು. ಯೇಸುಸಭೆಯ ಗುರು ಲಾರೆನ್ಸ್ ಪಿಕಾಚಿ ಅವರಿಗೆ ಕಳಿಸಿದ ಪತ್ರದೊಡನೆ ಮದರ್ ಇನ್ನೊಂದನ್ನೂ ಇಟ್ಟಿದ್ದರು. ಅದನ್ನು ಬರೆದದ್ದು ನೇರವಾಗಿ ಯೇಸುವಿಗೆ. ದೇವರು ತನ್ನನ್ನು ಬೇಡವೆನ್ನುತ್ತಿರುವನೇನೋ, ದೇವರೇ ಇಲ್ಲವೇನೋ ಎಂಬ ಯಾತನೆ ಅದರಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ. ಆದರೂ ಆ ದೂರನ್ನು ಅವರು ಒಪ್ಪಿಸಿದ್ದು ಬೇರಾರಿಗೂ ಅಲ್ಲ, ಆತನಿಗೇ. ಇರುವನೋ ಇಲ್ಲವೋ ಎಂದು ಮನಸ್ಸು ತೊಳಲಾಡುತ್ತಿದ್ದರೂ ಸಂಬೋಧನೆ ಬದಲಾಗಲಿಲ್ಲ. ಪ್ರಾರ್ಥನೆಯಲ್ಲಿನ ಭರವಸೆ ನೆಲೆಸಿರುವುದು ಈ ಸಂಬೋಧನೆಯಲ್ಲಿ, ಮನದೊಳಗಿನ ನಿಶ್ಚಿತತೆಯಲ್ಲಲ್ಲ ಎಂಬುದು ನನ್ನ ವಾದ.

ಕ್ರಿಸ್ಟೋಫರ್ ಹಿಚೆನ್ಸ್ ಮೊದಲಾದ ಟೀಕಾಕಾರರು ಈ ಪತ್ರಗಳಲ್ಲಿ ಕಂಡದ್ದು ನಂಬಿಕೆ ಕಳೆದುಕೊಂಡವರನ್ನು. ಆಕ್ಷೇಪ ಹಗುರವಾದುದಲ್ಲ, ಪತ್ರಗಳ ಭಾಷೆ ಅಷ್ಟು ಕಠೋರವಾಗಿದೆ. ಆದರೆ ಆ ವರ್ಷಗಳಲ್ಲಿ ಬಲಿಪೂಜೆ, ಜಪಸರ, ಆರಾಧನೆ ಯಾವುದನ್ನೂ ಮದರ್ ಬಿಡಲಿಲ್ಲ ಎಂಬ ಸಂಗತಿಗೆ ಆ ಓದಿನಲ್ಲಿ ತಕ್ಕ ತೂಕ ಸಿಗುವುದಿಲ್ಲ. ಹದಿನಾರನೆಯ ಶತಮಾನದ ಸ್ಪೇನಿನ ಸಂತ, ಶಿಲುಬೆಯ ಯೊವಾನ್ನರು ಹೇಳಿದ 'ಆತ್ಮದ ಕಾರಿರುಳು' ಇದೇ ಎನ್ನುವವರೂ ಇದ್ದಾರೆ. ಅದೂ ಪೂರ್ತಿ ಹೊಂದುವುದಿಲ್ಲ. ಯೊವಾನ್ನರ ಇರುಳು ಆತ್ಮವನ್ನು ಶುದ್ಧಗೊಳಿಸಿ ದೇವರೊಡನೆ ಐಕ್ಯಕ್ಕೆ ಒಯ್ಯುವ ದಾರಿ, ಇಲ್ಲಿ ಅದು ಬದುಕಿನುದ್ದಕ್ಕೂ ಚಾಚಿದೆ. 1961ರ ಸುಮಾರಿಗೆ ದೇವಶಾಸ್ತ್ರಜ್ಞ ಜೋಸೆಫ್ ನಾಯ್ನರ್ ಮೂರನೆಯ ಅರ್ಥವೊಂದನ್ನು ಕೊಟ್ಟರು: ಇದು ಅವರ ತಪ್ಪಿನ ಫಲವಲ್ಲ, ಶಿಲುಬೆಯ ಮೇಲೆ ಯೇಸು ಅನುಭವಿಸಿದ ಪರಿತ್ಯಕ್ತತೆಯಲ್ಲಿ ಪಾಲು, ದೇವರಿಗಾಗಿನ ಈ ಹಂಬಲವೇ ಆತನ ಸಾನ್ನಿಧ್ಯದ ಕುರುಹು. ಆ ಬಳಿಕ ಮದರ್ ಕತ್ತಲನ್ನು ಒಪ್ಪಿಕೊಂಡರು. ವೇದನೆ ಹಾಗೆಯೇ ಉಳಿಯಿತು, ಆದರೆ ಅದು ತನ್ನ ಪಾಪದ ಶಿಕ್ಷೆಯೇನೋ ಎಂಬ ಭಯ ಸಡಿಲಿತು.

ಈ ಬಗೆಯ ಪ್ರಾರ್ಥನೆಗೆ ಬೈಬಲಿನಲ್ಲೇ ಬೇರಿದೆ. 88ನೆಯ ಕೀರ್ತನೆ ಸ್ತುತಿಯತ್ತ ತಿರುಗದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕದೆ ಆರಾಧನೆಯ ಗ್ರಂಥದಲ್ಲಿ ಉಳಿಸಿಕೊಂಡ ಪರಂಪರೆ, ಉತ್ತರ ಸಿಗದ ಮೊರೆಯನ್ನೂ ಪ್ರಾರ್ಥನೆಯೆಂದು ಒಪ್ಪಿಕೊಂಡಿದೆ.

ಹಾಗೆಂದು ಕತ್ತಲನ್ನು ಭಕ್ತಿಯ ಹೆಗ್ಗಳಿಕೆಯಾಗಿಸಬಾರದು. ಖಿನ್ನತೆಯಿಂದ ಬಳಲುವವರಿಗೆ ವೈದ್ಯರ ಆರೈಕೆ ಬೇಕು. ಅವರ ಮುಂದೆ ಮದರ್ ಅವರ ಉದಾಹರಣೆಯನ್ನು ಹಿಡಿದು ಸಹಿಸಿಕೊಳ್ಳಿ ಎನ್ನುವುದು ಕ್ರೌರ್ಯ. ಸಭಾಪಾಲಕರಲ್ಲೂ ಗುರುಗಳಲ್ಲೂ ನನ್ನ ಕೋರಿಕೆ ಇಷ್ಟೇ: ಸಂಶಯ ಹೇಳಿಕೊಳ್ಳಲು ಬಂದವರ ನಂಬಿಕೆಯನ್ನು ಅಳೆಯಲು ಹೋಗಬೇಡಿ. ಅವರೊಂದಿಗೆ ಕುಳಿತು 88ನೆಯ ಕೀರ್ತನೆಯನ್ನು ಕೊನೆಯವರೆಗೂ ಓದಿ.