ಶಸ್ತ್ರಚಿಕಿತ್ಸೆಯೂ ಒಪ್ಪಿಗೆಯೂ

“ಮಕ್ಕಳಾದುವು, ದೊಡ್ಡವರೂ ಆದರು, ಇನ್ನು ಗರ್ಭಕೋಶ ಇದ್ದರೇನು, ಹೋದರೇನು? ತೆಗೆಸಿಬಿಡಿ, ನಿಶ್ಚಿಂತೆ.” ನಲವತ್ತರ ಆಚೀಚೆ ಇರುವ ಹೆಣ್ಣುಮಕ್ಕಳಲ್ಲಿ ಈ ಮಾತನ್ನು ಕೇಳದವರು ಕಡಮೆ. ಅತ್ತಿಗೆ ಹೇಳಬಹುದು, ಪಕ್ಕದ ಮನೆಯಾಕೆ ಹೇಳಬಹುದು, ಕೆಲವೊಮ್ಮೆ ವೈದ್ಯರೇ ಹೇಳಬಹುದು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ಹೇಗೂ ಆಪರೇಷನ್ ಆಗುತ್ತದಲ್ಲ, ಅಂಡಾಶಯಗಳನ್ನೂ ಜೊತೆಯಲ್ಲಿಯೇ ತೆಗೆದುಬಿಟ್ಟರೆ ಮುಂದೆ ಕ್ಯಾನ್ಸರಿನ ಭಯವಿರುವುದಿಲ್ಲ.” ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಇಂದು ಸ್ಕ್ಯಾನಿಂಗ್ ಕೇಂದ್ರಕ್ಕೂ ನರ್ಸಿಂಗ್ ಹೋಮಿಗೂ ಕೊರತೆಯಿಲ್ಲ. ಸಂಜೆ ವರದಿ ಕೈಗೆ ಬಂದರೆ ಬೆಳಿಗ್ಗೆ ದಿನ ಗೊತ್ತುಮಾಡಿಬಿಡಬಹುದು.

ಕೇಳುವುದಕ್ಕೆ ಇದು ಒಂದೇ ಸಲಹೆ. ಆದರೆ ಇದರೊಳಗೆ ಎರಡು ಪ್ರಶ್ನೆಗಳಿವೆ. ಗರ್ಭಕೋಶವನ್ನು ತೆಗೆಯಬೇಕೆ ಎಂಬುದು ಒಂದು. ಅಂಡಾಶಯಗಳನ್ನು ತೆಗೆಯಬೇಕೆ ಎಂಬುದು ಮತ್ತೊಂದು. ಈ ಎರಡು ಪ್ರಶ್ನೆಗಳು ಒಂದರೊಡನೊಂದು ಬೆಸೆದುಕೊಂಡದ್ದು ಹೇಗೆ, ಮತ್ತೆ ಬೇರೆಯಾದದ್ದು ಹೇಗೆ, ಉತ್ತರ ಹೇಳುವ ಹಕ್ಕು ಯಾರದೆಂದು ತೀರ್ಮಾನವಾಯಿತು ಎಂಬ ಚರಿತ್ರೆ ಎರಡು ಶತಮಾನಗಳಷ್ಟು ಉದ್ದವಾದುದು. ಆ ಚರಿತ್ರೆಯನ್ನು ತಿಳಿದವರಿಗೆ ವೈದ್ಯರ ಮುಂದೆ ಕುಳಿತು ಮಾತನಾಡುವುದು ಸ್ವಲ್ಪ ಸುಲಭವಾದೀತು.

ಅಮೆರಿಕದ ಕೆಂಟಕಿ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನಲ್ಲಿ, 1809ರ ಡಿಸೆಂಬರಿನಲ್ಲಿ, ಎಫ್ರೈಂ ಮೆಕ್‌ಡೊವೆಲ್ ಎಂಬ ವೈದ್ಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆಯನ್ನು ತೆರೆದು ಅಂಡಾಶಯದ ಗಡ್ಡೆಯನ್ನು ಹೊರಕ್ಕೆ ತೆಗೆದ. ಗಡ್ಡೆಯ ತೂಕ ಸುಮಾರು 10 ಕಿಲೋಗ್ರಾಂ. ಮಂಪರು ಬರಿಸುವ ಔಷಧಿ ಆಗಿನ್ನೂ ಇರಲಿಲ್ಲ. ಇಪ್ಪತ್ತೈದು ನಿಮಿಷಗಳ ಕಾಲ ಆಕೆ ಎಚ್ಚರವಾಗಿಯೇ ಎಲ್ಲವನ್ನೂ ಸಹಿಸಿದಳು. ಆಮೇಲೆ ಮೂವತ್ತೆರಡು ವರ್ಷ ಬದುಕಿದಳು. ಈ ಸಂಗತಿಯಲ್ಲಿ ಇನ್ನೊಂದು ಅಂಶ ಗಮನಿಸತಕ್ಕದ್ದು. ‘ಇದು ಪ್ರಯೋಗ, ಪ್ರಾಣಕ್ಕೆ ಅಪಾಯವುಂಟು’ ಎಂದು ವೈದ್ಯ ಮೊದಲೇ ಹೇಳಿದ್ದ. ಆಕೆ ಕೇಳಿ, ಯೋಚಿಸಿ, ಒಪ್ಪಿ, ಕುದುರೆಯ ಮೇಲೆ ನೂರು ಕಿಲೋಮೀಟರಿನಷ್ಟು ದೂರದಿಂದ ಆತನಲ್ಲಿಗೆ ಬಂದಳು. ನಿರ್ಧಾರ ಆಕೆಯದೇ ಆಗಿತ್ತು.

1846ರಲ್ಲಿ ಈಥರ್ ಬಂದಿತು. 1867ರಲ್ಲಿ ಲಿಸ್ಟರ್ ನಂಜುನಿವಾರಕ ವಿಧಾನವನ್ನು ಪ್ರಕಟಿಸಿದ. ನೋವಿನ ಭಯವೂ ನಂಜಿನ ಭಯವೂ ಕಡಮೆಯಾದಂತೆ ಹೊಟ್ಟೆಯ ಶಸ್ತ್ರಚಿಕಿತ್ಸೆಗಳು ಹೆಚ್ಚಿದುವು. ಇದರಿಂದ ಉಳಿದ ಜೀವಗಳು ಅಸಂಖ್ಯ. ಆದರೆ ರೋಗಿ ನಿದ್ರೆಯಲ್ಲಿರುವಾಗ ಆಕೆಯ ಪರವಾಗಿ ಇತರರು ತೀರ್ಮಾನ ಮಾಡುವುದಕ್ಕೂ ಆಗಲೇ ಎಡೆಯಾಯಿತು.

1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟಿ, ಜರ್ಮನಿಯ ಆಲ್ಫ್ರೆಡ್ ಹೇಗರ್, ಇಂಗ್ಲೆಂಡಿನ ಲಾಸನ್ ಟೇಟ್ ಮೂವರೂ ಅಂಡಾಶಯಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಬೇರೆ ಬೇರೆಯಾಗಿ ಆರಂಭಿಸಿದರು. ಬ್ಯಾಟಿಯಂತೂ ಗಡ್ಡೆಯಿಲ್ಲದ ಅಂಡಾಶಯಗಳನ್ನು ಕೂಡ ತೆಗೆದ. ಮುಟ್ಟಿನ ನೋವು, ಮೂರ್ಛೆ, ನರಗಳ ದೌರ್ಬಲ್ಯ, ಮನೋವ್ಯಾಕುಲ ಇವೆಲ್ಲಕ್ಕೂ ಅಂಡಾಶಯವೇ ಮೂಲವೆಂದು ಭಾವಿಸಿದ್ದ ಕಾಲ ಅದು. ‘ಬ್ಯಾಟಿಯ ಆಪರೇಷನ್’ ಎಂಬ ಹೆಸರಿನಲ್ಲಿ ಅದು ಎರಡು ದಶಕಗಳ ಕಾಲ ಖಂಡಾಂತರಗಳಲ್ಲಿ ನಡೆಯಿತು; ಆಮೇಲೆ ವೈದ್ಯರಿಂದಲೇ ಖಂಡನೆಗೆ ಗುರಿಯಾಗಿ ಹಿಂದೆ ಸರಿಯಿತು. ಆ ವೈದ್ಯರನ್ನು ಕ್ರೂರಿಗಳೆನ್ನುವುದು ಸುಲಭ. ಅಂಡಾಶಯದ ಕೆಲಸವೇನೆಂಬುದು ಅಂದು ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲವೆಂಬುದೇ ನಿಜ.

ಅದು ತಿಳಿದದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯನ್ನಾದ ಎಮಿಲ್ ಕ್ನಾವರ್ ಮೊಲಗಳಲ್ಲಿ ಅಂಡಾಶಯವನ್ನು ಕಿತ್ತು ಬೇರೆಡೆ ನೆಟ್ಟು ನೋಡಿದ. ಅದು ರಕ್ತದ ಮೂಲಕ ಇಡೀ ದೇಹದ ಮೇಲೆ ಪ್ರಭಾವ ಬೀರುವ ಗ್ರಂಥಿಯೆಂಬುದು ಸ್ಪಷ್ಟವಾಯಿತು. 1929ರಲ್ಲಿ ಅಮೆರಿಕದ ಡಾಯ್ಸಿಯೂ ಜರ್ಮನಿಯ ಬುಟೆನಾಂಟನೂ ಅದರ ರಸವನ್ನು, ಈಸ್ಟ್ರೋಜನ್ ವರ್ಗದ ಹಾರ್ಮೋನನ್ನು, ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮೂಳೆಗಳ ಗಟ್ಟಿತನ, ರಕ್ತನಾಳಗಳ ಆರೋಗ್ಯ, ನಿದ್ರೆ ಇವೆಲ್ಲಕ್ಕೂ ಅದರ ನಂಟುಂಟು. ಮುಟ್ಟು ನಿಂತ ಮೇಲೂ ಅಂಡಾಶಯ ಕೆಲವು ಹಾರ್ಮೋನುಗಳನ್ನು ಸಣ್ಣ ಪ್ರಮಾಣದಲ್ಲಿ ಒದಗಿಸುತ್ತಲೇ ಇರುತ್ತದೆ. ‘ಹೆರುವ ಕೆಲಸ ಮುಗಿಯಿತು, ಇನ್ನೇತಕ್ಕೆ?’ ಎಂಬ ವಾದ ಅಂಡಾಶಯದ ವಿಷಯದಲ್ಲಿ ಆಗಲೇ ಬಿದ್ದುಹೋಗಬೇಕಾಗಿತ್ತು.

ಆದರೆ ಬೀಳಲಿಲ್ಲ, ಹೊಸ ವೇಷದಲ್ಲಿ ಬಂದಿತು. 1942ರಿಂದ ಈಸ್ಟ್ರೋಜನ್ ಗುಳಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ದೊರೆಯತೊಡಗಿತು. ಅಂಡಾಶಯ ಹೋದರೇನಾಯಿತು, ಗುಳಿಗೆ ಇದೆಯಲ್ಲ ಎಂಬ ಧೈರ್ಯ ವೈದ್ಯರಿಗೆ ಬಂದಿತು. ನಲವತ್ತೈದು ದಾಟಿದವರಿಗೆ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಯುವುದು ಅನೇಕ ಆಸ್ಪತ್ರೆಗಳಲ್ಲಿ ವಾಡಿಕೆಯಾಯಿತು. ಅಂಡಾಶಯದ ಕ್ಯಾನ್ಸರ್ ಮೊದಲಿಗೆ ಸುಳಿವು ಕೊಡದ ರೋಗವಾದುದರಿಂದ ಈ ವಾಡಿಕೆಗೆ ತಕ್ಕ ಕಾರಣವಿಲ್ಲವೆನ್ನುವಂತಿರಲಿಲ್ಲ.

ಲೆಕ್ಕ ಹಾಕಿ ನೋಡಿದ್ದು ನಮ್ಮ ಶತಮಾನದಲ್ಲಿ. ಹಾರ್ಮೋನ್ ಗುಳಿಗೆಗಳ ಬಗ್ಗೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಪರೀಕ್ಷೆಯ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಎರಡು ಹಾರ್ಮೋನುಗಳನ್ನು ಕೂಡಿಸಿ ಸೇವಿಸಿದವರಲ್ಲಿ ಸ್ತನದ ಕ್ಯಾನ್ಸರ್ ಮತ್ತು ಹೃದ್ರೋಗ ಹೆಚ್ಚಿದುದು ಕಂಡಿತು. ಆ ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು 63. ಅದರ ಫಲವನ್ನು ನಲವತ್ತೆರಡರಲ್ಲಿ ಅಂಡಾಶಯ ಕಳೆದುಕೊಂಡವರಿಗೆ ಹಾಗೆಯೇ ಅನ್ವಯಿಸಲಾಗದು. ಅಂಥವರಿಗೆ ಬೇರೆ ಅಡ್ಡಿಯಿಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂಬುದು ಇಂದಿನ ವೈದ್ಯಮತ. ಆದರೂ ‘ಗುಳಿಗೆ ಇದೆಯಲ್ಲ’ ಎಂಬ ಹಗುರವಾದ ಧೈರ್ಯ ಅಲ್ಲಿಗೆ ಮುಗಿಯಿತು.

2009ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಗರ್ಭಕೋಶ ತೆಗೆಸಿಕೊಂಡಿದ್ದ 29,380 ಅಮೆರಿಕನ್ ನರ್ಸುಗಳನ್ನು 24 ವರ್ಷ ಕಾಲ ಗಮನಿಸಿ ಬರೆದದ್ದು ಅದು. ಅಂಡಾಶಯಗಳನ್ನೂ ತೆಗೆಸಿಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರೂ ಸ್ತನದ ಕ್ಯಾನ್ಸರೂ ಕಡಮೆಯಾಗಿದ್ದುವು. ಆದರೆ ಹೃದ್ರೋಗ ಹೆಚ್ಚಾಗಿತ್ತು. ಒಟ್ಟು ಮರಣಗಳೂ ಹೆಚ್ಚಾಗಿದ್ದುವು. ಒಂದು ಬಾಗಿಲನ್ನು ಮುಚ್ಚುವಾಗ ಇನ್ನೊಂದು ಬಾಗಿಲು ತೆರೆದುಕೊಂಡಂತಾಯಿತು. ಇಂಥ ಅಧ್ಯಯನ ಕಾರಣವನ್ನು ಪೂರ್ತಿಯಾಗಿ ಸಿದ್ಧಮಾಡಿಕೊಡಲಾರದೆಂಬುದು ನಿಜ. ಆದರೂ ಮುಟ್ಟು ನಿಲ್ಲದವರಲ್ಲಿ, ವಿಶೇಷ ಅಪಾಯವಿಲ್ಲದಿದ್ದರೆ, ಆರೋಗ್ಯವಾಗಿರುವ ಅಂಡಾಶಯಗಳನ್ನು ಉಳಿಸುವುದೇ ಲೇಸೆಂಬ ಕಡೆಗೆ ವೈದ್ಯಲೋಕ ಒಲಿಯಿತು.

ವಿಶೇಷ ಅಪಾಯವೆಂದರೇನು? ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ, ಸೋದರತ್ತೆ ಇವರಲ್ಲಿ ಅಂಡಾಶಯದ ಅಥವಾ ಎಳೆವಯಸ್ಸಿನ ಸ್ತನದ ಕ್ಯಾನ್ಸರ್ ಕಂಡುಬಂದಿರುವ ಮನೆತನಗಳುಂಟು. 1994 ಮತ್ತು 1995ರಲ್ಲಿ ಗುರುತಿಸಲ್ಪಟ್ಟ ಬಿ.ಆರ್.ಸಿ.ಎ. ಎಂಬ ಎರಡು ಜೀನುಗಳ ದೋಷ ಅಂಥ ಕಡೆ ಇರಬಹುದು. ಅಮೆರಿಕದ ಲೆಕ್ಕದಲ್ಲಿ ಸಾಧಾರಣ ಸ್ತ್ರೀಯರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನಕ್ಕೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬಂದರೆ, ಮೊದಲನೆಯ ಜೀನಿನಲ್ಲಿ ದೋಷವಿದ್ದವರಲ್ಲಿ ಅದು ನೂರಕ್ಕೆ ಸುಮಾರು ನಲವತ್ತು. ಅವರಿಗೆ ಅಂಡಾಶಯ ತೆಗೆಸುವುದೇ ರಕ್ಷೆ. ಅಲ್ಲಿ ತಡಮಾಡುವುದು ವಿವೇಕವಲ್ಲ. ಇನ್ನೊಂದು ಹೊಸ ತಿಳಿವೂ ಉಂಟು. ಅಂಡಾಶಯದ ಕ್ಯಾನ್ಸರುಗಳಲ್ಲಿ ಬಹುಪಾಲು ನಿಜವಾಗಿ ಅಂಡನಾಳದ ತುದಿಯಲ್ಲಿ ಹುಟ್ಟುತ್ತವೆಂದು ಈಗ ಕಂಡುಬಂದಿದೆ. ಆದುದರಿಂದ ಗರ್ಭಕೋಶದೊಡನೆ ನಾಳಗಳನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಉಳಿಸುವ ಮಧ್ಯಮಾರ್ಗ ಬಳಕೆಗೆ ಬಂದಿದೆ.

ಇಷ್ಟೂ ಅಂಡಾಶಯದ ಮಾತಾಯಿತು. ಗರ್ಭಕೋಶದ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ಕಹಿಯಾದ ಅಧ್ಯಾಯವಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬಿಳಿಸೆರಗು, ಸೊಂಟನೋವು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದಾಗ ಅವರಿಗೆ ಕ್ಯಾನ್ಸರಿನ ಭಯವನ್ನು ಹೇಳಿ ಗರ್ಭಕೋಶಗಳನ್ನು ತೆಗೆದ ಸಂಗತಿ 2015ರಲ್ಲಿ ತನಿಖೆಗೆ ಬಂದಿತು. ಅವರಲ್ಲಿ ನಲವತ್ತು ತುಂಬದವರೇ ಬಹಳ ಮಂದಿ. ದೇಶದ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2015–16) ಈ ಶಸ್ತ್ರಚಿಕಿತ್ಸೆಯ ಲೆಕ್ಕವನ್ನು ತೆಗೆದುಕೊಂಡಿತು: 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಿಂದಲೂ ಇಂಥವೇ ದೂರುಗಳು ಬಂದುವು. ಕೇಂದ್ರ ಆರೋಗ್ಯ ಮಂತ್ರಾಲಯ 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ಮೂರು ತಿಂಗಳೊಳಗಾಗಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು.

ತಾಂಡಾದ ಬಡವೆಗೂ ಜಯನಗರದ ಗೃಹಿಣಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಓದು, ಹಣ, ಊರು ಇವು ಯಾವುವೂ ತಾವಾಗಿ ರಕ್ಷಣೆ ಕೊಡುವುದಿಲ್ಲವೆಂಬುದಕ್ಕೆ ದೆಹಲಿಯ ಒಂದು ಮೊಕದ್ದಮೆ ಸಾಕ್ಷಿಯಾಗಿದೆ. 1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಒಂಬತ್ತು ದಿನಗಳಿಂದ ಸ್ರಾವ ನಿಲ್ಲಲಿಲ್ಲವೆಂದು ಚಿಕಿತ್ಸಾಲಯಕ್ಕೆ ಹೋದರು. ಮರುದಿನ ದುರ್ಬೀನಿನಿಂದ ಹೊಟ್ಟೆಯೊಳಗೆ ಪರೀಕ್ಷೆ ಮಾಡುವುದಕ್ಕೆ ಸಹಿ ಹಾಕಿ, ಮಂಪರಿನಲ್ಲಿ ಮಲಗಿದರು. ಒಳಗೆ ಎಂಡೊಮೆಟ್ರಿಯೋಸಿಸ್ ಬೇನೆ ಬಲವಾಗಿ ಕಂಡಿತು. ಸಹಾಯಕ ವೈದ್ಯರು ಹೊರಗೆ ಬಂದು, ಕಾದಿದ್ದ ತಾಯಿಯ ಒಪ್ಪಿಗೆ ಪಡೆದರು. ಎಚ್ಚರವಾಗುವ ಹೊತ್ತಿಗೆ ಗರ್ಭಕೋಶ, ನಾಳ, ಅಂಡಾಶಯ ಎಲ್ಲವೂ ಹೋಗಿದ್ದುವು.

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರ ಜನವರಿ 16ರಂದು ಬಂದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆರ್. ವಿ. ರವೀಂದ್ರನ್, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು. ರೋಗನಿರ್ಣಯ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ವಿರುದ್ಧವೆಂದೂ ಹೇಳಲಿಲ್ಲ. ಅದು ಹೇಳಿದ್ದು ಇಷ್ಟು: ವಯಸ್ಕಳೂ ಸ್ವಸ್ಥಚಿತ್ತಳೂ ಆದ ರೋಗಿಯ ಒಪ್ಪಿಗೆಯನ್ನು ತಾಯಿಯಾಗಲಿ ಮತ್ತೊಬ್ಬರಾಗಲಿ ಕೊಡುವಂತಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿದ್ದರೆ ಮಾತು ಬೇರೆ. ಇಲ್ಲವಾದರೆ, ಇನ್ನೊಮ್ಮೆ ಹೊಟ್ಟೆ ಕೊಯ್ಯುವ ಶ್ರಮ ತಪ್ಪೀತೆಂಬ ಒಳ್ಳೆಯ ಉದ್ದೇಶವೂ ಸಾಲದು. ಚಿಕಿತ್ಸೆಯ ಸ್ವರೂಪ, ಅದರ ಫಲ, ಬೇರೆ ಮಾರ್ಗಗಳು, ಮುಖ್ಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವುದೇನು — ಇಷ್ಟನ್ನೂ ತಿಳಿಸಿದ ಮೇಲೆ ಪಡೆದದ್ದೇ ಒಪ್ಪಿಗೆ. ಆ ಮಹಿಳೆಗೆ ದೊರೆತ ಪರಿಹಾರ 25,000 ರೂಪಾಯಿ. ವೈದ್ಯರಿಗೆ ಫೀಸು ಸಲ್ಲದೆಂದೂ ತೀರ್ಪಾಯಿತು. ಮೊತ್ತ ಸಣ್ಣದು, ಆದರೆ ಅಂದು ಹಾಕಿಕೊಟ್ಟ ನಿಯಮ ಈ ದೇಶದ ಪ್ರತಿಯೊಂದು ಆಸ್ಪತ್ರೆಗೂ ಅನ್ವಯಿಸುತ್ತದೆ.

ಹಾಗಾದರೆ ವರದಿ ಕೈಯಲ್ಲಿ ಹಿಡಿದು ಕುಳಿತಿರುವಾಕೆ ಏನು ಮಾಡಬೇಕು? ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಗರ್ಭಕೋಶದ ಬಗ್ಗೆ: ಇದು ಕ್ಯಾನ್ಸರೆ, ಅಲ್ಲವೆ? ಅಲ್ಲವಾದರೆ ಔಷಧಿಯಿಂದ ಸ್ರಾವ ತಗ್ಗೀತೆ? ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಇಡಿಸಿದರೆ ಸಾಕಾದೀತೆ? ಫೈಬ್ರಾಯ್ಡ್ ಗಡ್ಡೆಯಾದರೆ ಅದನ್ನು ಮಾತ್ರ ತೆಗೆಯಬಹುದೆ? ಮುಟ್ಟು ನಿಂತ ಮೇಲೆ ಇಂಥ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸರಾಸರಿ ಸುಮಾರು 46, ಪಶ್ಚಿಮದಲ್ಲಿ 51. ನಲವತ್ತೈದರಲ್ಲಿರುವ ನಮ್ಮ ಹೆಂಗಸು ಎಷ್ಟೋ ವೇಳೆ ಒಂದೆರಡು ವರ್ಷ ಕಾದರೆ ಸಾಕಾದೀತು. ಅಂಡಾಶಯದ ಬಗ್ಗೆ: ನನ್ನ ಅಂಡಾಶಯಗಳಲ್ಲಿ ರೋಗವಿದೆಯೆ? ನಮ್ಮ ಮನೆತನದಲ್ಲಿ ಈ ಕ್ಯಾನ್ಸರ್ ಇತ್ತೆ? ನಾಳಗಳನ್ನು ಮಾತ್ರ ತೆಗೆದರೆ ಸಾಲದೆ? ಅಂಡಾಶಯ ಹೋದರೆ ಮೂಳೆಯನ್ನೂ ಹೃದಯವನ್ನೂ ಕಾಯುವ ಏರ್ಪಾಡೇನು?

ಸಂದೇಹವಿದ್ದರೆ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲನೆಯವರಿಗೆ ಅಗೌರವವಲ್ಲ. ಕ್ಯಾನ್ಸರಿನ ಶಂಕೆಯಾದರೆ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ 1973ರಿಂದ ನಮ್ಮ ಬಳಿಯಲ್ಲಿಯೇ ಇದೆ. ತಿಳಿದುಕೊಳ್ಳಬೇಕೆನ್ನುವವರಿಗೆ ಕನ್ನಡದಲ್ಲಿ ಸಾಮಗ್ರಿ ಇಲ್ಲವೆಂದೂ ಇಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯನ್ನು ಬರೆದದ್ದು ಹೆಣ್ಣುಮಕ್ಕಳು ತಮ್ಮ ದೇಹದ ವಿಷಯವನ್ನು ತಾವೇ ಅರಿಯಲೆಂದು.

ಈ ಶಸ್ತ್ರಚಿಕಿತ್ಸೆ ಬೇಡವೆಂದು ಯಾರೂ ಸಾರಾಸಗಟಾಗಿ ಹೇಳುವಂತಿಲ್ಲ. ವರ್ಷಗಟ್ಟಲೆ ಸ್ರಾವದಿಂದ ಬಿಳಿಚಿಕೊಂಡು, ಎಲ್ಲ ಮದ್ದನ್ನೂ ಮಾಡಿ ಸೋತವರಿಗೆ ಅದು ಮರುಹುಟ್ಟನ್ನು ಕೊಟ್ಟಿದೆ. ಕ್ಯಾನ್ಸರ್ ಆದವರಿಗೆ ಪ್ರಾಣವನ್ನೇ ಉಳಿಸಿದೆ. ತೆಗೆಸಿಕೊಂಡವರು ಅಳುಕಬೇಕಾಗಿಲ್ಲ, ಉಳಿಸಿಕೊಂಡವರನ್ನು ಹಠಮಾರಿಗಳೆನ್ನಬೇಕಾಗಿಯೂ ಇಲ್ಲ. ಮನೆಯವರು ಜೊತೆಯಲ್ಲಿ ಕೂರಲಿ, ಕೇಳಲಿ, ಲೆಕ್ಕ ಹಾಕಲಿ. ಕೊನೆಯ ಸಹಿ ಮಾತ್ರ ಆಕೆಯದು. ಅದೂ ಎಚ್ಚರವಾಗಿರುವಾಗ, ಎಲ್ಲವನ್ನೂ ತಿಳಿದ ಮೇಲೆ.