ಸೆರೆಮನೆಯಲ್ಲಿ ಸೇರಿದ ಪುರಸಭೆ

ನನ್ನ ವಿದ್ಯಾರ್ಥಿಗಳಾಗಿದ್ದವರಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂಬತ್ತನೆಯ ತರಗತಿಯ ಪೌರನೀತಿಯಲ್ಲಿ 'ಸ್ಥಳೀಯ ಸ್ವಯಮಾಡಳಿತ' ಎಂಬ ಪಾಠ ಬಂದಾಗ ಇಡೀ ತರಗತಿಗೆ ತೂಕಡಿಕೆ ಹತ್ತುತ್ತಿತ್ತು. ಲಾರ್ಡ್ ರಿಪ್ಪನ್ನನ 1882ರ ನಿರ್ಣಯ, ಪುರಸಭೆಯ ರಚನೆ, ಕಡ್ಡಾಯ ಕರ್ತವ್ಯಗಳು, ಐಚ್ಛಿಕ ಕರ್ತವ್ಯಗಳು, ಆದಾಯದ ಮೂಲಗಳು, ಇವನ್ನು ಕಪ್ಪುಹಲಗೆಯ ಮೇಲೆ ಬರೆಸಿ ನಾನೂ ಕೈತೊಳೆದುಕೊಳ್ಳುತ್ತಿದ್ದೆ. ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಪುರಸಭೆಯ ಮೀಟಿಂಗಿನಲ್ಲಿ ನಿಜವಾಗಿ ಏನು ನಡೆಯುತ್ತದೆ?" ಎಂದು ಕೇಳಿದಳು. "ಹಿಂದಿನ ಸಭೆಯ ನಡವಳಿ ಓದುತ್ತಾರೆ, ಠರಾವು ಮಂಡಿಸುತ್ತಾರೆ, ಸೂಚಕರು, ಅನುಮೋದಕರು ಇರುತ್ತಾರೆ, ಕೈಯೆತ್ತುತ್ತಾರೆ, ಚಹಾ ಕುಡಿದು ಹೋಗುತ್ತಾರೆ" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಉತ್ತರ. ನಿವೃತ್ತನಾದ ಮೇಲೆ ಇಂಗ್ಲೆಂಡಿನ ಪೌರಾಡಳಿತದ ಇತಿಹಾಸವನ್ನು ಓದುವಾಗ ಉಳಿದರ್ಧ ನನಗೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಓದಿದರೆ ಸಂತೋಷ.

ಲಂಡನ್ ನಗರವನ್ನು 1900ರಲ್ಲಿ 28 ಬರೋಗಳಾಗಿ ವಿಂಗಡಿಸಿದರು. ಬರೋ ಎಂದರೆ ತನ್ನದೇ ಮೇಯರ್, ತನ್ನದೇ ಸದಸ್ಯರು, ತನ್ನದೇ ಪುರಭವನ ಇರುವ ಒಂದು ಊರು ಎಂದೇ ತಿಳಿಯಿರಿ. ಅವುಗಳಲ್ಲಿ ಪೂರ್ವದಂಚಿನ ಪಾಪ್ಲರ್ ಒಂದು. ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನ, ಬಹುತೇಕ ಕೂಲಿಗಳು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗಾಗಿ 1806ರಲ್ಲಿ ತೆರೆದ ಈಸ್ಟ್ ಇಂಡಿಯಾ ಡಾಕ್ಸ್ ಇದ್ದದ್ದು ಇಲ್ಲಿಯೇ. ನಮ್ಮ ದೇಶದಿಂದ ಹೋದ ಸರಕು ಇಳಿಯುತ್ತಿದ್ದ ಕಟ್ಟೆ ಅದು. ಊರ ನಡುವಿನ ದೊಡ್ಡ ರಸ್ತೆಗೆ ಇಂದಿಗೂ ಈಸ್ಟ್ ಇಂಡಿಯಾ ಡಾಕ್ ರೋಡ್ ಎಂದೇ ಹೆಸರು. ಸರಕು ಎಷ್ಟು ಇಳಿದರೇನು, ಇಳಿಸುವವನಿಗೆ ದಿನಗೂಲಿ. ಬೆಳಗ್ಗೆ ಡಾಕಿನ ಬಾಗಿಲ ಮುಂದೆ ಗುಂಪುಗೂಡಬೇಕು, ಮೇಸ್ತ್ರಿ ಬೆರಳು ತೋರಿಸಿದವನಿಗೆ ಅಂದಿನ ಕೆಲಸ, ಉಳಿದವರು ಮನೆಗೆ. ನಮ್ಮ ಮಾರುಕಟ್ಟೆ ಯಾರ್ಡುಗಳ ಹಮಾಲರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ನವೆಂಬರಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಪಾಪ್ಲರಿನ 42 ಸ್ಥಾನಗಳಲ್ಲಿ 39ನ್ನು ಗೆದ್ದಿತು. ಗೆದ್ದವರಲ್ಲಿ ಹೆಚ್ಚಿನವರು ದುಡಿಯುವ ಜನ, ಕಾರ್ಮಿಕ ಸಂಘಗಳಲ್ಲಿ ಪಳಗಿದವರು. ಅವರ ಹಿರಿಯ ಜಾರ್ಜ್ ಲ್ಯಾನ್ಸ್‌ಬರಿ, 1859ರಲ್ಲಿ ಹುಟ್ಟಿದವರು. ಗಟ್ಟಿ ಕ್ರೈಸ್ತರು, ಗಟ್ಟಿ ಸಮಾಜವಾದಿ, ಯುದ್ಧವಿರೋಧಿ. ಈ ಸಭೆ 1920ರಲ್ಲಿ ತನ್ನ ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ವೇತನವನ್ನು ಗೊತ್ತುಮಾಡಿತು. ಗಂಡಸರಿಗೂ ಹೆಂಗಸರಿಗೂ ಅಷ್ಟೇ. ಸಮಾನ ವೇತನದ ಮಾತು ನಮ್ಮಲ್ಲಿ ಇನ್ನೂ ಮುಗಿದಿಲ್ಲವಲ್ಲ, ಅದಕ್ಕೆ ಈ ಇಸವಿಯನ್ನು ಒತ್ತಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ವ್ಯಾಪಾರ ಕುಸಿಯಿತು. 1921ರ ಮಧ್ಯಭಾಗದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿತ್ತು. ಇಲ್ಲಿ ಅಂದಿನ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಥೆಯ ಕೀಲು ಅಲ್ಲಿದೆ.

ಬಡವರಿಗೆ ಕೊಡುವ ಪರಿಹಾರದ ಹಣ ಬರಬೇಕಾದದ್ದು ಸರ್ಕಾರದ ಬೊಕ್ಕಸದಿಂದಲ್ಲ, ಆಯಾ ಊರಿನ ಮನೆಗಂದಾಯದಿಂದ. ಬಡವರ ಊರಿನ ಬಡತನಕ್ಕೆ ಬಡವರೇ ತೆರಿಗೆ ಕೊಡಬೇಕು! ಬಡವರಿಲ್ಲದ ಸಿರಿವಂತರ ಬಡಾವಣೆಯಲ್ಲಿ ಈ ಖರ್ಚೇ ಇಲ್ಲ. ಜೊತೆಗೆ ಅಲ್ಲಿಯ ಭವ್ಯ ಮನೆ ಮಳಿಗೆಗಳ ಮೇಲೆ ಪೌಂಡಿಗೆ ಒಂದು ಪೆನ್ನಿ ಕಂದಾಯ ಹಾಕಿದರೆ ಬರುವ ಹಣ, ಪಾಪ್ಲರಿನ ಸಾಲುಮನೆಗಳ ಮೇಲೆ ಅದೇ ದರ ಹಾಕಿದರೆ ಬರುವುದಕ್ಕಿಂತ ಹಲವು ಪಟ್ಟು. ವೆಸ್ಟ್‌ಮಿನ್‌ಸ್ಟರ್ ಹಗುರವಾಗಿ ಎತ್ತಿದ ಹೊರೆಗೆ ಪಾಪ್ಲರಿನ ಬೆನ್ನು ಮುರಿಯುತ್ತಿತ್ತು.

ಇದರ ಮೇಲೆ ಇನ್ನೊಂದು. ಇಡೀ ಲಂಡನ್ನಿಗೆ ಸೇರಿದ ನಾಲ್ಕು ಸಂಸ್ಥೆಗಳಿಗಾಗಿ, ಎಂದರೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸು, ಆಸ್ಪತ್ರೆಗಳನ್ನು ನಡೆಸುವ ಅಸೈಲಮ್ಸ್ ಬೋರ್ಡು, ನೀರಿನ ಬೋರ್ಡು, ಇವುಗಳಿಗಾಗಿ ಪ್ರತಿ ಬರೋ ತನ್ನ ಜನರಿಂದ ಕಂದಾಯ ಎತ್ತಿ ಕೊಡಬೇಕಿತ್ತು. ಬೇಡಿಕೆಪತ್ರ ಬರುತ್ತದೆ, ಬರೋ ಸಭೆ ಠರಾವು ಮಾಡಿ ಎತ್ತುತ್ತದೆ, ಕಟ್ಟುತ್ತದೆ. ಚರ್ಚೆಗೇ ಎಡೆಯಿಲ್ಲದ, ಎರಡು ನಿಮಿಷದಲ್ಲಿ ಮುಗಿಯುವ ವಿಷಯ. ನನ್ನ ಪಾಠದ ಟಿಪ್ಪಣಿಯಲ್ಲಿ 'ಇತರೆ' ಎಂದು ಬರೆಸುತ್ತಿದ್ದ ಜಾತಿಯದು.

1921ರ ಮಾರ್ಚಿಯಲ್ಲಿ ಪಾಪ್ಲರಿನ ಸಭೆ ಈ ವಿಷಯದ ಮೇಲೆ ನಿಂತಿತು. ನಿರುದ್ಯೋಗಿಗಳಿಗೆ ಪರಿಹಾರವನ್ನೂ ಕೊಟ್ಟು ಈ ನಾಲ್ಕು ಬೇಡಿಕೆಗಳನ್ನೂ ತೀರಿಸುವಷ್ಟು ಕಂದಾಯ ಹಾಕಿದರೆ ಬಾಡಿಗೆದಾರರು ಬೀದಿಗೆ ಬೀಳುತ್ತಾರೆ. ಪರಿಹಾರ ಕಡಿತ ಮಾಡಿದರೆ ಮಕ್ಕಳು ಹಸಿಯುತ್ತಾರೆ. ಆದ್ದರಿಂದ ಈ ಬಾರಿ ಆ ನಾಲ್ಕು ಸಂಸ್ಥೆಗಳ ಪಾಲಿನ ಕಂದಾಯವನ್ನು ಎತ್ತುವುದೇ ಇಲ್ಲ ಎಂದು ಠರಾವಾಯಿತು. ಶ್ರೀಮಂತ ಬರೋಗಳು ಬಡ ಬರೋಗಳ ಹೊರೆಯಲ್ಲಿ ಪಾಲು ತೆಗೆದುಕೊಳ್ಳಲಿ ಎಂಬುದು ಬೇಡಿಕೆ. ಕಳ್ಳತನವಿಲ್ಲ, ಲೆಕ್ಕ ತಿರುಚಿದ್ದಿಲ್ಲ. ಎಲ್ಲವೂ ತೆರೆದ ಸಭೆಯಲ್ಲಿ, ನಡವಳಿ ಪುಸ್ತಕದಲ್ಲಿ ದಾಖಲಾಗಿ.

ಕೌಂಟಿ ಕೌನ್ಸಿಲ್ ಮತ್ತು ಅಸೈಲಮ್ಸ್ ಬೋರ್ಡುಗಳು ನ್ಯಾಯಾಲಯಕ್ಕೆ ಹೋದವು. ಇದರಲ್ಲೊಂದು ತಮಾಷೆಯೂ ಇದೆ. ಪಾಪ್ಲರಿನ ಸದಸ್ಯೆ ಸೂಸನ್ ಲಾರೆನ್ಸ್ ಆ ಕೌಂಟಿ ಕೌನ್ಸಿಲ್ಲಿನ ಸದಸ್ಯೆಯೂ ಹೌದು. ದಾವೆ ಹೂಡಿದ ಸಂಸ್ಥೆಯಲ್ಲೂ ಅವರೇ, ಪ್ರತಿವಾದಿಯ ಕಟಕಟೆಯಲ್ಲೂ ಅವರೇ. ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಸಿರಿವಂತರ ಮನೆಯ ಹೆಣ್ಣುಮಗಳು. ಮೊದಲು ಕನ್ಸರ್ವೇಟಿವ್ ಪಕ್ಷದಲ್ಲಿದ್ದು ಬಡ ಕೂಲಿ ಹೆಂಗಸರ ಸಂಬಳದ ಪ್ರಶ್ನೆಯಿಂದಾಗಿ ಈ ಕಡೆಗೆ ಬಂದವರು.

ಜುಲೈ 29ರಂದು ಹೈಕೋರ್ಟಿಗೆ ಹಾಜರಾಗಬೇಕಿತ್ತು. ಸದಸ್ಯರು ಗಾಡಿ ಹತ್ತಲಿಲ್ಲ, ನಡೆದೇ ಹೋದರು. ಮುಂದೆ ಪುರಸಭೆಯ ಅಧಿಕಾರದಂಡ ಹಿಡಿದವನು, ಕೊರಳಲ್ಲಿ ಪದವಿಯ ಸರಪಣಿ ಧರಿಸಿದ ಮೇಯರ್ ಸ್ಯಾಮ್ ಮಾರ್ಚ್, ಬ್ಯಾಂಡು, ಹಿಂದೆ ಸುಮಾರು ಎರಡು ಸಾವಿರ ಜನ. 'ಪಾಪ್ಲರ್ ಪುರಸಭೆ ಹೈಕೋರ್ಟಿಗೆ ಹೊರಟಿದೆ, ಬಹುಶಃ ಸೆರೆಮನೆಗೂ' ಎಂಬರ್ಥದ ಬ್ಯಾನರು. ನ್ಯಾಯಾಲಯ ಕಂದಾಯ ಎತ್ತಲು ಆಜ್ಞೆ ಮಾಡಿತು. ಇವರು ಎತ್ತಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ನ್ಯಾಯಾಂಗ ನಿಂದನೆಗಾಗಿ 30 ಮಂದಿಯನ್ನು ಬಂಧಿಸಿದರು: 25 ಗಂಡಸರು ಬ್ರಿಕ್ಸ್‌ಟನ್ ಸೆರೆಮನೆಗೆ, ಐವರು ಹೆಂಗಸರು ಹಾಲೊವೇ ಸೆರೆಮನೆಗೆ. ಶಿಕ್ಷೆಗೆ ಅವಧಿಯೇ ಇಲ್ಲ. ಆಜ್ಞೆಯನ್ನು ಪಾಲಿಸುವವರೆಗೆ ಒಳಗೆ.

ಆ ಐವರು ಹೆಂಗಸರ ಹೆಸರನ್ನಾದರೂ ಹೇಳಬೇಕು. ಸೂಸನ್ ಲಾರೆನ್ಸ್, ಜೂಲಿಯಾ ಸ್ಕರ್, ಜೆನ್ನಿ ಮೆಕೇ, ನೆಲ್ಲಿ ಕ್ರೆಸಲ್, ಮಿನ್ನಿ ಲ್ಯಾನ್ಸ್‌ಬರಿ. ನೆಲ್ಲಿ ಆಗ ತುಂಬು ಗರ್ಭಿಣಿ. ಆಕೆಯ ಹೆರಿಗೆ ಸೆರೆಮನೆಯಲ್ಲೇ ಆದರೆ ಗತಿಯೇನೆಂದು ಸರ್ಕಾರಕ್ಕೆ ದಿಗಿಲಾಗಿ ಉಳಿದವರಿಗಿಂತ ಮೊದಲೇ ಹೊರಗೆ ಕಳುಹಿಸಿದರು. ಮಿನ್ನಿ ಲ್ಯಾನ್ಸ್‌ಬರಿ ಜಾರ್ಜರ ಸೊಸೆ, ವಲಸೆ ಬಂದ ಯಹೂದಿ ಕುಟುಂಬದವಳು, ಶಾಲಾ ಉಪಾಧ್ಯಾಯಿನಿಯಾಗಿದ್ದವಳು. ಮಹಿಳಾ ಮತದಾನದ ಹೋರಾಟಕ್ಕಾಗಿ ಪಾಠ ಹೇಳುವುದನ್ನು ಬಿಟ್ಟು ಬಂದಿದ್ದಳು. ನಮ್ಮ ವೃತ್ತಿಯವಳು ಎಂಬ ಕಾರಣಕ್ಕೋ ಏನೋ, ಓದುವಾಗ ನನ್ನ ಕಣ್ಣು ಮತ್ತೆಮತ್ತೆ ಆಕೆಯ ಹೆಸರಿನ ಮೇಲೆ ನಿಂತಿತು. ಗಂಡ ಎಡ್ಗರ್ ಬ್ರಿಕ್ಸ್‌ಟನ್ನಿನಲ್ಲಿ, ಮಾವನೂ ಅಲ್ಲಿಯೇ, ಆಕೆ ಹಾಲೊವೇಯಲ್ಲಿ.

ಈಗ ಸರ್ಕಾರಕ್ಕೆ ಬಂದದ್ದು ವಿಚಿತ್ರ ಸಂಕಟ. ಆಲ್ಡರ್‌ಮನ್‌ಗಳೂ ಸೇರಿ ಪಾಪ್ಲರ್ ಪುರಸಭೆಯ ಒಟ್ಟು ಬಲ 49. ಅದರಲ್ಲಿ 30 ಮಂದಿ ಒಳಗೆ! ಹೊರಗೆ ಬೀದಿ ಗುಡಿಸಬೇಕು, ದೀಪ ಉರಿಯಬೇಕು, ನೌಕರರಿಗೆ ಸಂಬಳ ಬಟವಾಡೆಯಾಗಬೇಕು. ಪುರಸಭೆಯನ್ನು ಜೈಲಿಗೆ ಹಾಕಬಹುದು, ಪುರಸಭೆಯ ಕೆಲಸವನ್ನು ಹಾಕಲಾಗುವುದಿಲ್ಲ. ಸಭೆ ಸೇರಲು ಅನುಮತಿ ಕೊಡಬೇಕೆಂದು ಸದಸ್ಯರು ಪಟ್ಟುಹಿಡಿದರು; ಅಧಿಕಾರಿಗಳು ಕೊನೆಗೆ ಮಣಿದರು. ಬ್ರಿಕ್ಸ್‌ಟನ್ ಸೆರೆಮನೆಯೊಳಗೇ ಪಾಪ್ಲರ್ ಪುರಸಭೆ ವಿಧಿವತ್ತಾಗಿ ಸಭೆ ಸೇರಿತು. ಥೇಮ್ಸ್ ನದಿಯ ಉತ್ತರಕ್ಕಿರುವ ಹಾಲೊವೇಯಿಂದ ಮಹಿಳಾ ಸದಸ್ಯರನ್ನು ದಕ್ಷಿಣದ ಬ್ರಿಕ್ಸ್‌ಟನ್ನಿಗೆ ವಾಹನದಲ್ಲಿ ಕರೆತಂದು, ಸಭೆ ಮುಗಿದ ಮೇಲೆ ತಿರುಗಿ ಒಯ್ಯುತ್ತಿದ್ದರು. ಅಪರಾಧಿಗಳೆಂದು ಕೂಡಿಹಾಕಿದವರನ್ನು ಆಡಳಿತಗಾರರೆಂದು ಮೇಜಿನ ಸುತ್ತ ಕೂರಿಸಬೇಕಾಯಿತು. ಅದೇ ಮೇಯರ್, ಅದೇ ಸದಸ್ಯರು, ಆದರೆ ಬಾಗಿಲಲ್ಲಿ ಜೈಲಿನ ಕಾವಲು. ಇತ್ತ ಲ್ಯಾನ್ಸ್‌ಬರಿ ತಮ್ಮ ಕೋಣೆಯ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ನೆರೆದ ಜನರಿಗೆ ಭಾಷಣ ಮಾಡುತ್ತಿದ್ದರು.

ಎಲ್ಲರೂ ಮೆಚ್ಚಿದರೆಂದು ಭಾವಿಸಬೇಡಿ. ನೆರೆಯ ಹ್ಯಾಕ್ನಿಯ ಮೇಯರ್ ಹರ್ಬರ್ಟ್ ಮಾರಿಸನ್ ಅದೇ ಲೇಬರ್ ಪಕ್ಷದವರು. ಕಾನೂನು ಮುರಿಯುವ ಈ ದಾರಿ ಪಕ್ಷಕ್ಕೆ ಕೆಟ್ಟ ಹೆಸರು ತರುತ್ತದೆಂದು ಗಟ್ಟಿಯಾಗಿ ವಿರೋಧಿಸಿದರು. ನನಗೂ ಆ ವಾದದಲ್ಲಿ ತಥ್ಯವಿಲ್ಲವೆನ್ನಲು ಧೈರ್ಯವಿಲ್ಲ. ಎತ್ತದೆ ಬಿಟ್ಟ ಹಣದಲ್ಲಿ ಆಸ್ಪತ್ರೆಗಳ ಪಾಲೂ ಇತ್ತಲ್ಲ. ತಮಗೆ ಸರಿಯೆನಿಸದ ಕಾನೂನನ್ನು ಪ್ರತಿ ಪುರಸಭೆಯೂ ತಳ್ಳಿಹಾಕುತ್ತ ಹೋದರೆ ಏನಾದೀತು? ನಾನು ಶಿಕ್ಷಕನಾಗಿದ್ದಾಗ ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಿಬಿಡುತ್ತಿದ್ದೆ, ಈಗ ತಡವರಿಸುತ್ತೇನೆ. ಆದರೆ ಪಾಪ್ಲರಿನವರು ವರ್ಷಗಟ್ಟಲೆ ಮನವಿ ಮಾಡಿ, ನಿಯೋಗ ಹೋಗಿ, ಏನೂ ಆಗದ ಮೇಲೆ ಈ ಹಾದಿ ಹಿಡಿದರೆಂಬುದನ್ನೂ, ಶಿಕ್ಷೆಯನ್ನು ತಪ್ಪಿಸಿಕೊಳ್ಳಲು ಯತ್ನಿಸಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ನೆರೆಯ ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್ ಸಭೆಗಳು ತಾವೂ ಅದೇ ದಾರಿ ಹಿಡಿಯುವುದಾಗಿ ಠರಾವು ಮಾಡಿದವು. ಸ್ಟೆಪ್ನಿಯಲ್ಲಿ ಆ ಠರಾವಿನ ಪರವಾಗಿದ್ದವರಲ್ಲಿ ಮಿತಭಾಷಿಯಾದ ಮಾಜಿ ಮೇಯರ್ ಒಬ್ಬರಿದ್ದರು, ಹೆಸರು ಕ್ಲೆಮೆಂಟ್ ಆಟ್ಲೀ. 1947ರಲ್ಲಿ ನಮ್ಮ ಸ್ವಾತಂತ್ರ್ಯದ ಕಾಲಕ್ಕೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಇವರೇ. ಇನ್ನು ಲ್ಯಾನ್ಸ್‌ಬರಿ, ಆನಿ ಬೆಸೆಂಟರ ಪ್ರಯತ್ನದಿಂದ ಸಿದ್ಧವಾದ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆಯನ್ನು 1925ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಂಡಿಸಿದರು. ಅದು ಅಂಗೀಕಾರವಾಗಲಿಲ್ಲ ಎಂಬುದು ಬೇರೆ ಮಾತು. ಸ್ವರಾಜ್ಯದ ಇತಿಹಾಸ ಹೇಳುವಾಗ ಈ ಇಬ್ಬರ ಹೆಸರನ್ನು ನಾನು ತರಗತಿಯಲ್ಲಿ ಹೇಳಿದ್ದುಂಟು; ಅವರು ಪಾಠ ಕಲಿತ ಶಾಲೆ ಈ ಪುರಸಭೆಗಳು ಎಂಬುದು ಮಾತ್ರ ಆಗ ನನಗೆ ಹೊಳೆದಿರಲಿಲ್ಲ.

ಕೊನೆಗೆ ಆರೋಗ್ಯ ಸಚಿವ ಆಲ್ಫ್ರೆಡ್ ಮಾಂಡ್ ಲಂಡನ್ನಿನ ಸಂಸ್ಥೆಗಳನ್ನೆಲ್ಲ ಮಾತುಕತೆಗೆ ಕರೆಯುವ ಸ್ಥಿತಿ ಬಂತು. ಪಾಪ್ಲರಿನ ಪ್ರತಿನಿಧಿಗಳಿಲ್ಲದೆ ಆ ಸಮ್ಮೇಳನಕ್ಕೆ ಅರ್ಥವಿಲ್ಲ. ಸಮ್ಮೇಳನದಲ್ಲಿ ಭಾಗವಹಿಸಲು ಬಿಡುಗಡೆ ಬೇಕೆಂದು ಸದಸ್ಯರು ನ್ಯಾಯಾಲಯಕ್ಕೆ ಬರೆದುಕೊಟ್ಟರು. ಅದರಲ್ಲಿ ಕ್ಷಮೆಯ ಮಾತು ಇರಲಿಲ್ಲ. ಅಕ್ಟೋಬರ್ 12ರಂದು ಬಿಡುಗಡೆಯಾಯಿತು. ನವೆಂಬರಿನಲ್ಲಿ ಸಂಸತ್ತು ತರಾತುರಿಯಿಂದ ಹೊಸ ಕಾನೂನು ಮಾಡಿ, ಬಡವರ ಮನೆಬಾಗಿಲ ಪರಿಹಾರದ ಹೊರೆಯನ್ನು ಇಡೀ ಲಂಡನ್ನಿನ ಸಾಮಾನ್ಯ ನಿಧಿಯ ಮೇಲೆ ಹಂಚಿತು. ಪಾಪ್ಲರ್ ಕೇಳಿದ್ದು ಇದನ್ನೇ.

ಆ 4 ಪೌಂಡ್ ವೇತನದ ಕಥೆ ಮಾತ್ರ ಅಷ್ಟು ಸುಖವಾಗಿ ಮುಗಿಯಲಿಲ್ಲ. ಬೆಲೆಗಳು ಇಳಿದ ಮೇಲೂ ಸಂಬಳ ಇಳಿಸಲಿಲ್ಲವೆಂದು ಲೆಕ್ಕಪರಿಶೋಧಕರು ಸದಸ್ಯರ ಮೇಲೆ 5000 ಪೌಂಡ್ ಹೇರಿದರು. 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬುದು ಆ ನ್ಯಾಯಮೂರ್ತಿಗಳಿಗೆ ವಿಲಕ್ಷಣವಾಗಿ ಕಂಡಿತು. ರಾಬರ್ಟ್ಸ್ ವಿರುದ್ಧ ಹಾಪ್‌ವುಡ್ ಎಂಬ ಆ ಮೊಕದ್ದಮೆಯನ್ನು ಕಾನೂನು ಓದಿದ ನನ್ನ ಶಿಷ್ಯರು ಬಲ್ಲಿರಿ.

ಪಾಪ್ಲರ್ ಬರೋ 1965ರಲ್ಲಿ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಲೀನವಾಯಿತು. ನೆಲ್ಲಿ ಕ್ರೆಸಲ್ 1943ರಲ್ಲಿ ಅದೇ ಪಾಪ್ಲರಿನ ಮೇಯರ್ ಆಗಿದ್ದರು. ಮಿನ್ನಿಗೆ ಆ ಭಾಗ್ಯವಿರಲಿಲ್ಲ. ಸೆರೆಮನೆಯಿಂದ ಬಂದು ಮೂರು ತಿಂಗಳೂ ತುಂಬುವ ಮುನ್ನ ನ್ಯುಮೋನಿಯಾ ತಗುಲಿ, 1922ರ ಜನವರಿ 1ರಂದು ತೀರಿಕೊಂಡಳು. ವಯಸ್ಸು 32. ಎಡ್ಗರ್ ಮುಂದೆ ಮರುಮದುವೆಯಾದ. ಆ ಮದುವೆಯ ಮಗಳೇ ಹೆಸರಾಂತ ನಟಿ ಆಂಜೆಲಾ ಲ್ಯಾನ್ಸ್‌ಬರಿ. ಬೋ ರಸ್ತೆಯ ಎಲೆಕ್ಟ್ರಿಕ್ ಹೌಸ್ ಕಟ್ಟಡದ ಮೇಲೆ ಮಿನ್ನಿಯ ಹೆಸರಿನಲ್ಲಿ ಒಂದು ಗಡಿಯಾರವಿದೆ. ಅದು ಕೆಟ್ಟು ನಿಂತಿದ್ದನ್ನು 2008ರಲ್ಲಿ ಚಂದಾ ಎತ್ತಿ ದುರಸ್ತಿ ಮಾಡಿಸಿದರು. ಚಂದಾ ಕೊಟ್ಟವರಲ್ಲಿ ಆಂಜೆಲಾ ಕೂಡ ಇದ್ದರು.