ತಂತಿ ಕೆಳಗಿನ ಬುಡ್ಡಿ ದೀಪ

ನಿನ್ನೆ ರಾತ್ರಿ ಕರೆಂಟ್ ಹೋದಾಗ ಮಗಳು, "ಅಪ್ಪಾ, ಮೊದಲು ಹೆಂಗಿದ್ರಿ?" ಅಂದ್ಲು. ಅದಕ್ಕೇ ಇದು.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿಂದ ಕರೆಂಟ್ ಹುಟ್ಟಿತು. ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಪಕ್ಕದಲ್ಲೇ ಇದ್ದ ನಮ್ಮನೆಗೆ ಬಂದಿದ್ದು ನಾನು ಏಳನೇ ಕ್ಲಾಸಲ್ಲಿದ್ದಾಗ, ಭಾಗ್ಯಜ್ಯೋತಿಯ ಒಂದೇ ಬಲ್ಬು.

ಅಲ್ಲೀತನಕ ಕೋಳಿ ಕೂಗಿದರೆ ದಿನ ಶುರು. ಅವ್ವ ಕತ್ತಲಲ್ಲೇ ರಾಗಿಕಲ್ಲಿನ ಮುಂದೆ ಕೂರ್ತಿದ್ಲು. ಅಪ್ಪ ಎತ್ತು ಕಟ್ಟಿ ಕಪಿಲೆ ಹೊಡೀತಿದ್ದ. ದಿನವೆಲ್ಲ ಹೊಡೆದರೂ ಅರ್ಧ ಎಕರೆ ನೆನೆದರೆ ಹೆಚ್ಚು. ಸೀಮೆಎಣ್ಣೆ ಮುಗಿದರೆ ಹೊಂಗೆ ಎಣ್ಣೆ ದೀಪ, ಅದರ ಹಿಂಡಿ ಹೊಲಕ್ಕೆ. ರಾಗಿ ಹಗೇವಿನಲ್ಲಿ ಭದ್ರ, ವರ್ಷ ಕಳೆದರೂ ಕೆಡ್ತಿರಲಿಲ್ಲ. ಕತ್ತಲಾಗೋ ಮೊದಲೇ ಮುದ್ದೆ ಉಂಡು ಮಲಗ್ತಿದ್ವಿ.

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಅವ್ವನ ಅಂಗೈ ಬೊಬ್ಬೆ ನೋಡಿದವನು ಹಂಗನ್ನಲಾರ. ಬಲ್ಬು ಬಂದಾಗ ಸುಮ್ಮನಿದ್ದವಳು, ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಕಣ್ಣೀರು ಹಾಕಿದ್ಲು.

ಆದ್ರೆ ಹಗೇವನ್ನ ಮುಚ್ಚು ಅಂತ ಕರೆಂಟ್ ಹೇಳಿತ್ತಾ? ಬದುವಿನ ಹೊಂಗೆ ಕಡಿ ಅಂದಿತ್ತಾ? ಎರಡನ್ನೂ ಮಾಡಿದವನು ನಾನೇ. ಹಗೇವಿನ ಮೇಲೆ ಕಾಂಕ್ರೀಟ್ ಹಾಕ್ಸಿದೆ. ಈಗ ರಾಗಿ ಕೊಯ್ದ ವಾರಕ್ಕೇ ಬಂದ ರೇಟಿಗೆ ಮಾರಿ, ಆಷಾಢದಲ್ಲಿ ಅಂಗಡಿಯಿಂದ ತರ್ತೀನಿ. ರಾತ್ರಿ ತ್ರೀ ಫೇಸ್ ಕಾಯ್ತಾ ಕೂರ್ತೀನಿ.

ಹೋದ ವಾರ ಬದುವಿಗೆ ನಾಕು ಹೊಂಗೆ ಸಸಿ ನೆಟ್ಟೆ. ನಿಮ್ಮೂರಲ್ಲಿ ಹಗೇವು ತೋಡೋಕೆ ಬರೋ ಹಿರಿಯರು ಯಾರಾದ್ರೂ ಇದ್ರೆ ತಿಳಿಸಿ.